ಅಣ್ಣನಿಗೆ ಕೊಟ್ಟ ಹದಿನಾಲ್ಕು

ಕನ್ನಡಕದಂಗಡಿಯ ಕಂಪ್ಯೂಟರಿನಲ್ಲಿ ಗ್ರಾಹಕರ ಕಣ್ಣಿನ ನಂಬರು ಇರಬೇಕಾದ ಕಡೆ ಆ ಶುಕ್ರವಾರ ಅಣ್ಣನ ಕಾಲಿನ ನಂಬರು ಇತ್ತು. ವೇಗ: ಹದಿನಾಲ್ಕು. ಇಪ್ಪತ್ತಕ್ಕೆ ಹದಿನಾಲ್ಕು. ಸಂಜೆ ಆರರೊಳಗೆ, ಆ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ತಂಗಿ ಅದನ್ನು ಹಾಗೇ ಬಿಡಬೇಕು, ಇಲ್ಲವೇ ಬದಲಿಸಬೇಕು. ಗಡಿಯಾರದಲ್ಲಿ ಆಗಲೇ ನಾಲ್ಕೂವರೆ.

ಅದೊಂದು ಫುಟ್‌ಬಾಲ್ ತಂಡ ನಡೆಸುವ ಕಂಪ್ಯೂಟರ್ ಆಟ. ಆಡುವವರು ಕುರ್ಚಿ ಬಿಟ್ಟು ಏಳದೆ ಆಟಗಾರರನ್ನು ಕೊಳ್ಳುತ್ತಾರೆ, ಮಾರುತ್ತಾರೆ, ವಯಸ್ಸಾದವರನ್ನು ಮುಲಾಜಿಲ್ಲದೆ ಮನೆಗೆ ಕಳಿಸುತ್ತಾರೆ. ಆದರೆ ಅದರೊಳಗಿನ ಆಟಗಾರರು ಮಾತ್ರ ನಿಜವಾದವರು. ದೊಡ್ಡ ತಂಡಗಳಿಗೆ ಅಂಕ ಹಾಕಲು ಸಂಬಳದ ಜನರಿದ್ದಾರೆ. ಎರಡನೇ ದರ್ಜೆಯ ತಂಡಗಳಿಗಾದರೆ, ಒಂದು ಪಂದ್ಯವನ್ನೂ ಬಿಡದ ಅಭಿಮಾನಿ ಯಾರನ್ನಾದರೂ ಹಿಡಿದು ‘ನೀವೇ ಹಾಕಿಬಿಡಿ’ ಎನ್ನುತ್ತಾರೆ. ಒಂಬತ್ತು ವರ್ಷದಿಂದ ಆ ಬಿಟ್ಟಿ ಚಾಕರಿ ತಂಗಿಯದು. ಅದೇ ತಂಡದಲ್ಲಿ ಬಲಗಡೆಯ ರಕ್ಷಣೆಗೆ ನಿಲ್ಲುವವನು ಅವಳ ಅಣ್ಣ ಎಂಬುದು ಆಟದ ಕಂಪನಿಗೆ ಗೊತ್ತಿಲ್ಲ. ಅವರು ಕೇಳಲಿಲ್ಲ, ಇವಳೂ ಹೇಳಲಿಲ್ಲ. ಅಂಕ ಹಾಕುವವಳು ತಂಗಿಯೆಂದು ಅಣ್ಣನಿಗೇನೋ ಗೊತ್ತು. ಇಬ್ಬರೂ ಯಾವತ್ತೂ ಅದರ ಮಾತೆತ್ತಿದವರಲ್ಲ.

ಮೂವತ್ತಮೂರು ದಾಟಿದವರ ವೇಗವನ್ನು ಆಟ ತಾನಾಗಿಯೇ ವರ್ಷಕ್ಕೆ ಎರಡಂಕ ಇಳಿಸುತ್ತದೆ. ಇಳಿಸಬಾರದು ಎನ್ನುವವರು ಕಾರಣ ಬರೆಯಬೇಕು. ಮೂರು ವರ್ಷದಿಂದ ತಂಗಿ ಬರೆಯುತ್ತಲೇ ಬಂದಿದ್ದಳು: ‘ದೇಹವನ್ನು ಚೆನ್ನಾಗಿ ಕಾಪಾಡಿಕೊಂಡಿದ್ದಾನೆ.’ ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಒಡಹುಟ್ಟಿದವರ ಮೇಲೂ ಒಂದು ಗಾದೆ ಕಟ್ಟಬಹುದಿತ್ತು. ಮೂವತ್ತಾರರ ಅಣ್ಣ ಎದುರಾಳಿಯ ಹಿಂದೆ ಓಡುವುದನ್ನು ನೋಡಿದರೆ, ಹೊರಟುಹೋದ ಬಸ್ಸನ್ನು ಚೀಲ ಹಿಡಿದು ಅಟ್ಟುವವರ ನೆನಪಾಗುತ್ತಿತ್ತು. ಅದು ತಂಗಿಗೂ ಕಾಣುತ್ತಿತ್ತು. ಕಂಡರೂ, ಇರಲಿ ಬಿಡು, ಆಟದೊಳಗಿನ ಒಂದು ಅಂಕಿಯಿಂದ ಯಾರಪ್ಪನ ಗಂಟು ಹೋಗುತ್ತದೆ ಎಂದುಕೊಂಡಿದ್ದಳು.

ಅಷ್ಟರಲ್ಲಿ ಹೊಸ ಕೋಚ್ ಬಂದ. ಇಪ್ಪತ್ತೊಂಬತ್ತು ವರ್ಷ, ಕಣ್ಣೆದುರಿನ ಮೈದಾನಕ್ಕಿಂತ ಪರದೆಯ ಮೇಲೆ ಹೆಚ್ಚು ನಂಬಿಕೆ. ತಂಡದವರು ಅವನಿಗೆ ಲ್ಯಾಪ್‌ಟಾಪ್ ಎಂದೇ ಹೆಸರಿಟ್ಟಿದ್ದರು. ‘ಈ ವಯಸ್ಸಲ್ಲೂ ಹದಿನಾಲ್ಕು!’ ಎಂದು ಆಟದ ಅಂಕ ನೋಡಿ ಮೆಚ್ಚಿಕೊಂಡು ಅವನು ಅಣ್ಣನನ್ನು ತೊಂಬತ್ತು ನಿಮಿಷವೂ ಮೇಲೆ ಕೆಳಗೆ ಓಡಿಸತೊಡಗಿದ. ಈ ಭಾನುವಾರವಂತೂ ಲೀಗಿನಲ್ಲೇ ಅತಿ ಚುರುಕಾದ, ಇಪ್ಪತ್ತು ವರ್ಷದ ಎದುರಾಳಿಯ ಬೆನ್ನಿಗೆ ಅಣ್ಣನನ್ನೇ ಬಿಡುವುದೆಂದು ಯೋಚಿಸಿದ್ದ. ಇವತ್ತು ಏಳಕ್ಕೆ ಹೊಸ ಅಂಕಗಳು ಬರುತ್ತವೆ, ಅದನ್ನು ನೋಡಿ ಅವನು ಹನ್ನೊಂದು ಜನರ ಪಟ್ಟಿ ಮಾಡುತ್ತಾನೆ.

ಇದೂ ಸಾಲದೆಂಬಂತೆ ಬುಧವಾರ ತಂಡದ ಮಾಲೀಶು ತಾತ ಕನ್ನಡಕ ರಿಪೇರಿಗೆ ಬಂದಿದ್ದ. ಕೌಂಟರಿನ ಮೇಲೆ ಬಾಗಿ ದನಿ ತಗ್ಗಿಸಿದ.

“ನಿಮ್ಮಣ್ಣ ಹೇಳ್ಬೇಡ ಅಂದಿದಾನೆ, ಆದ್ರೂ ಹೇಳ್ತೀನಮ್ಮ. ಪ್ರತಿ ಮ್ಯಾಚಿಗೂ ಮುಂಚೆ ಮಂಡಿಗೆ ಇಂಜೆಕ್ಷನ್ ತಗೋತಿದಾನೆ, ನೋವು ಗೊತ್ತಾಗದ ಹಾಗೆ. ಇನ್ನೊಂದ್ಸಲ ಹಾಗೆ ಓಡಿದ್ರೆ ಮಂಡಿ ಪೂರ್ತಿ ಹೋಗುತ್ತೆ, ಆಮೇಲೆ ಮೆಟ್ಟಿಲು ಹತ್ತೋಕೂ ಆಗಲ್ಲ ಅಂತ ಡಾಕ್ಟ್ರು ಹೇಳಿದಾರೆ.”

ಅಂದಿನಿಂದ ತಂಗಿಗೆ ಊಟ ಸೇರುತ್ತಿರಲಿಲ್ಲ. ಅಂಕ ಇಳಿಸಿದರೆ ಅಣ್ಣ ಬೆಂಚಿಗೆ, ಸೀಸನ್ ಮುಗಿದ ಮೇಲೆ ಮನೆಗೆ. ಹದಿನೇಳನೇ ವಯಸ್ಸಿನಿಂದ ಆ ಹುಲ್ಲಿನ ಮೇಲೆ ಬದುಕಿದವನು, ಅದನ್ನು ಕಿತ್ತುಕೊಂಡ ತಂಗಿಗೆ ಮತ್ತೆ ಮುಖ ಕೊಟ್ಟು ಮಾತಾಡುತ್ತಾನೆಯೇ? ಇಳಿಸದಿದ್ದರೆ ಭಾನುವಾರ ಮಂಡಿ ಹೋಗುತ್ತದೆ. ನುಂಗಲೂ ಆಗದ, ಉಗುಳಲೂ ಆಗದ ಬಿಸಿತುಪ್ಪ, ಮತ್ತು ಅದನ್ನು ಕಾಯಿಸಿ ಬಾಯಿಗೆ ಸುರಿದುಕೊಂಡವಳೂ ಅವಳೇ.

ಹದಿನಾಲ್ಕನ್ನು ಅಳಿಸಿ ಹತ್ತು ಹಾಕಿದಳು. ಹತ್ತನ್ನು ಅಳಿಸಿ ಮತ್ತೆ ಹದಿನಾಲ್ಕು ಹಾಕಿದಳು.

ಐದಕ್ಕೆ ವ್ಯಾನ್ ಓಡಿಸುವ ಮುದುಕರೊಬ್ಬರು ಕಣ್ಣು ಪರೀಕ್ಷೆಗೆ ಬಂದರು. ಲೈಸೆನ್ಸಿಗೆ ಚೀಟಿ ಬೇಕಿತ್ತು. ಗೋಡೆಯ ಮೇಲಿನ ಅಕ್ಷರಗಳ ಕೊನೆಯ ಸಾಲನ್ನು, ಅವಳು ದೀಪ ಹಾಕುವ ಮೊದಲೇ, ಗಡಗಡನೆ ಒಪ್ಪಿಸಿಬಿಟ್ಟರು.

“ಯಜಮಾನ್ರೇ, ನೆನಪಿರೋದು ಹೇಳ್ಬೇಡಿ. ಕಾಣೋದು ಹೇಳಿ.”

“ಕಾಣೋದು ಹೇಳಿದ್ರೆ ವ್ಯಾನ್ ಹೋಗುತ್ತಲ್ಲಮ್ಮ.”

“ಸುಳ್ಳು ಹೇಳಿದ್ರೆ ನೀವೇ ಹೋಗ್ತೀರಿ,” ಎಂದು ಗದರಿದಳು.

ಮುದುಕರು ಹೊಟ್ಟೆ ಕುಲುಕಿಸಿ ನಕ್ಕರು. ಅವಳಿಗೆ ನಗು ಬರಲಿಲ್ಲ. ಕಂಡವರಿಗೆ ಬುದ್ಧಿ ಹೇಳುವುದು ಎಷ್ಟು ಸಲೀಸು! ಅವರನ್ನು ಕಳಿಸಿ ಬಂದವಳೇ ಏಳು ಎಂದು ಹಾಕಿ, ಕಳಿಸುವ ಬಟನ್ನಿನ ಮೇಲೆ ಬೆರಳಿಟ್ಟಳು. ಬೆರಳಿಗೆ ಏನಾಯಿತೋ, ಕೆಳಗಿಳಿಯಲೊಲ್ಲದು. ಕಾಲು ಗಂಟೆ ಹಾಗೇ ಕೂತಿದ್ದಳು.

ಐದೂವರೆಗೆ ಅಣ್ಣನೇ ಬಂದ. ಅಭ್ಯಾಸ ಮುಗಿಸಿ ಬಂದಿದ್ದ, ಕೂದಲು ಇನ್ನೂ ಒದ್ದೆ, ಹೆಗಲಲ್ಲಿ ಚೀಲ. ತಂಗಿ ಪರದೆಯನ್ನು ಆಚೆ ತಿರುಗಿಸಲು ಹೋಗಿ ಕನ್ನಡಕದ ಫ್ರೇಮುಗಳ ತಟ್ಟೆಯನ್ನೇ ಕೆಡವಿದಳು. ಅಣ್ಣ ಫ್ರೇಮುಗಳನ್ನು ನೋಡಲಿಲ್ಲ, ಪರದೆ ನೋಡಿದ.

“ಏಳಾ?”

ಮೂರು ದಿನದಿಂದ ಗಂಟಲಲ್ಲಿದ್ದದ್ದೆಲ್ಲ ಒಟ್ಟಿಗೇ ಹೊರಬಿತ್ತು. “ಬೈಯೋದಾದ್ರೆ ಬೈದ್ಬಿಡಣ್ಣ. ಇಂಜೆಕ್ಷನ್ ವಿಷಯ ಗೊತ್ತಾಯ್ತು. ನೀನು ನಿಧಾನ ಆಗಿದೀಯ ಅಂತ ಮೂರು ವರ್ಷದಿಂದ ಗೊತ್ತಿತ್ತು, ಗೊತ್ತಿದ್ದೂ ಹದಿನಾಲ್ಕು ಹಾಕ್ತಾ ಬಂದೆ. ಭಾನುವಾರ ನೀನೇನಾದ್ರೂ ಓಡಿದ್ರೆ…” ಅಳು ಬಂದು ಮಾತು ನಿಂತಿತು.

ಅಣ್ಣ ಬೈಯಲಿಲ್ಲ. ಗ್ರಾಹಕರ ಸ್ಟೂಲಿನ ಮೇಲೆ ಕೂತು, ಫೋನ್ ತೆಗೆದು ಅವಳ ಮುಂದಿಟ್ಟ. ಅದೇ ಆಟ. ಅವರದೇ ತಂಡ. ಕೋಚ್ ಎಂದಿದ್ದ ಕಡೆ ಅಣ್ಣನ ಹೆಸರು. ಆಡುವ ಹನ್ನೊಂದು ಜನರಲ್ಲಿ ಅವಳು ಅಣ್ಣನನ್ನು ಹುಡುಕಿದಳು. ಇರಲಿಲ್ಲ. ಬಲಗಡೆ ಯಾರೋ ಹತ್ತೊಂಬತ್ತರ ಹೊಸಬ ನಿಂತಿದ್ದ. ಅಣ್ಣ ಬೆಂಚಿನ ಕೊನೆಯಲ್ಲಿದ್ದ, ಅವಳು ಕೊಟ್ಟ ಹದಿನಾಲ್ಕರ ಸಮೇತ.

“ನನ್ನನ್ನ ನಾನೇ ಕೂರಿಸಿ ಎರಡು ವರ್ಷ ಆಯ್ತು,” ಎಂದ ಅಣ್ಣ. “ಕಾಲು ನಂದು, ನಂಗೆ ಗೊತ್ತಾಗಲ್ವಾ?”

“ಮತ್ತೆ ನಿಜವಾದ ಮೈದಾನದಲ್ಲಿ ಯಾಕೆ ಕೂರ್ಲಿಲ್ಲ?”

ಅಣ್ಣ ಬಾಗಿ, ಬಿದ್ದಿದ್ದ ಫ್ರೇಮೊಂದನ್ನು ಎತ್ತಿ ಕೌಂಟರಿನ ಮೇಲಿಟ್ಟ.

“ನೀನು ಒಂದು ಮ್ಯಾಚೂ ಬಿಡದೆ ನೋಡೋಳು. ನೀನೇ ಹದಿನಾಲ್ಕು ಅಂತ ಬರೀತಿದ್ದೆ. ನನ್ನ ತಂಗಿ ಕಣ್ಣಿಗೆ ನಾನಿನ್ನೂ ಹಾಗೇ ಕಾಣ್ತಿದೀನಲ್ಲ, ಅದನ್ನ ಸುಳ್ಳು ಮಾಡೋಕೆ ಮನಸ್ಸು ಬರ್ಲಿಲ್ಲ. ಅದಕ್ಕೇ ಇಂಜೆಕ್ಷನ್ನು.”

ಅಷ್ಟೂ ಸೂಜಿಗಳನ್ನು ತನ್ನ ಕೈಯಾರೆ ಚುಚ್ಚಿದಂತೆನಿಸಿ ತಂಗಿಗೆ ಅವನ ಮಂಡಿಯ ಕಡೆ ನೋಡಲಾಗಲಿಲ್ಲ.

ಆರಕ್ಕೆ ಇನ್ನು ಹತ್ತು ನಿಮಿಷವಿತ್ತು.

“ಏಳು ಜಾಸ್ತಿ ಆಯ್ತು, ಐದು ಹಾಕು,” ಎಂದ.

“ಆರು ಹಾಕ್ತೀನಣ್ಣ.”

“ಚೌಕಾಸಿ ಬೇರೆ ಮಾಡ್ತೀಯಾ? ಆರು ಅಂತಿದ್ರೆ ಲ್ಯಾಪ್‌ಟಾಪು ಕೊನೇ ಹತ್ತು ನಿಮಿಷಕ್ಕಾದ್ರೂ ಮೈದಾನಕ್ಕೆ ಇಳಿಸ್ತಾನೆ. ಐದು ಅಂದ್ರೆ ಐದು.”

ಐದು ಹಾಕಿದಳು. ಒಮ್ಮೆಲೇ ಒಂಬತ್ತಂಕ ಯಾಕೆ ಎಂದು ಆಟ ಕಾರಣ ಕೇಳಿತು. ಅವಳು ಅಣ್ಣನ ಮುಖ ನೋಡಿದಳು.

“ಮಂಡಿ ಅಂತ ಬರಿ,” ಎಂದ.

ಬರೆದು, ಬಟನ್ ಒತ್ತಿದಳು. ಪರದೆಯ ಮೇಲೆ ‘ಸ್ವೀಕರಿಸಲಾಗಿದೆ’ ಎಂದು ಬಂತು.

“ಕೋಚ್‌ಗೆ ಈಗ್ಲೇ ಹೋಗಿ ನಾನೇ ಹೇಳ್ತೀನಿ. ಅವನು ಆಟ ನೋಡಿ ತಿಳ್ಕೊಳ್ಳೋದು ಬೇಡ,” ಎಂದು ಅಣ್ಣ ಕೌಂಟರು ಹಿಡಿದು ನಿಧಾನವಾಗಿ ಎದ್ದ. ಚೀಲವನ್ನು ಎಡ ಹೆಗಲಿಗೆ ಬದಲಿಸಿಕೊಂಡ. ಮೂರು ವರ್ಷದಲ್ಲಿ ಮೊದಲ ಸಲ, ತಂಗಿ ನೋಡುತ್ತಿದ್ದಾಳೆಂದು ಗೊತ್ತಿದ್ದೂ, ಬಾಗಿಲವರೆಗೆ ಕುಂಟುತ್ತಾ ಹೋದ.