ಪೂತನಿ ಬೀಳುವ ಸದ್ದು

ಮಾಜುಲಿ ದ್ವೀಪದಲ್ಲಿ ಕೃಷ್ಣನ ಆಟದ ಹಬ್ಬ ರಾಸ ಹತ್ತಿರ ಬಂತೆಂದರೆ ಯಾರಿಗೆ ಯಾವ ವೇಷ ಎಂಬುದೇ ಮಾತು. ನಮ್ಮ ಸತ್ರದಲ್ಲಿ, ಅಂದರೆ ವೈಷ್ಣವ ಮಠದಲ್ಲಿ, ಪೂತನಿಯ ಸುದ್ದಿ ಮಾತ್ರ ಯಾರೂ ಎತ್ತುವುದಿಲ್ಲ. ಅದು ಥನೇಶ್ವರ ಕೊಕಾನದು. ಊರಿಗೆಲ್ಲ ಅಜ್ಜ ಅವರು, ಮೀಸೆ ಮೂಡಿದಾಗಿನಿಂದ ಅದೇ ವೇಷ. ಕೃಷ್ಣ ಹಾಲಿನ ಜೊತೆ ಪ್ರಾಣವನ್ನೂ ಹೀರಿದಾಗ, ಆಳೆತ್ತರದ ಮುಖವಾಡದ ಸಮೇತ ಅವರು ಧಡ್ ಎಂದು ನೆಲಕ್ಕೆ ಬೀಳಬೇಕು, ನೋಡಲು ಬಂದ ತಾಯಂದಿರ ಮಡಿಲಲ್ಲಿ ಮಲಗಿದ ಕೂಸುಗಳು ಬೆಚ್ಚಿ ಅಳಬೇಕು. ಆಗಲೇ ನಮಗೆ ರಾಸ ಆದ ಹಾಗೆ.

ಈ ಸಲ ಮಳೆಗಾಲವಿಡೀ ಕೊಕಾ ಜ್ವರದಲ್ಲಿ ಮಲಗಿ, ಎದ್ದಾಗ ಕೋಲು ಹಿಡಿದಿದ್ದರು. ವೇಷ ಬೇರೆಯವರಿಗೆ ಕೊಡೋಣವೇ ಎಂದು ಕೇಳಲು ಹೋದವರಿಗೆ, ಇದೊಂದು ಸಲ ಬಿದ್ದುಬಿಡುತ್ತೇನೆ, ಆಮೇಲೆ ಯಾರು ಬೇಕಾದರೂ ಬೀಳಲಿ ಎಂದರಂತೆ. ಅಕ್ಕಿ ಕೇರುತ್ತಿದ್ದ ಸೊಸೆ ಜುನುಮಾ ತಲೆ ಎತ್ತದೆ ಹೇಳಿದಳು:

"ಬೀಳೋದು ಸುಲಭ ಮಾವ, ಎಬ್ಬಿಸೋಳು ನಾನಲ್ವಾ."

ಮುಖವಾಡ ಮಾಡುವ ಕುಶಕಾಂತ ಯಾರಿಗೂ ಹೇಳದೆ ಹಳೆಯದನ್ನು ಅಟ್ಟಕ್ಕೆ ಹಾಕಿ ಹಗುರವಾದ ಹೊಸದು ಹೆಣೆದ. ಬಿದಿರನ್ನು ತೆಳ್ಳಗೆ ಸೀಳಿದ್ದ, ಬಟ್ಟೆಯ ಮೇಲೆ ಹೊಳೆಮಣ್ಣು ಒಂದೇ ಪದರ ಬಳಿದಿದ್ದ. ಬಣ್ಣ, ಕೋರೆಹಲ್ಲು ಎಲ್ಲ ಮೊದಲಿನಂತೆಯೇ. ಪರೀಕ್ಷೆಗೆಂದು ತಾನೇ ಹೊತ್ತು ನನ್ನೆದುರು ಬಿದ್ದ. ಖಾಲಿ ಬುಟ್ಟಿ ಉರುಳಿದ ಹಾಗಾಯಿತು. ಕುಶಕಾಂತನ ಮುಖ ನೋಡಲಾಗಲಿಲ್ಲ. ಸತ್ರದಲ್ಲಿ ಖೋಲ್ ಬಾರಿಸುವ ಬಾಯನ ನಾನೇ. ಮದ್ದಳೆಯಂಥ ಆ ವಾದ್ಯದ ಎಡಮುಖಕ್ಕೆ ಅಂಗೈ ಬೀಸಿ ಬಡಿದು ತೋರಿಸಿದೆ, ಧಡ್ ಎಂದಿತು. ಇಬ್ಬರೂ ನಕ್ಕೆವು.

ರಾಸದ ದಿನ ಕೊಕಾ ಮುಖವಾಡಕ್ಕೆ ಅಡ್ಡಬಿದ್ದು, ಎತ್ತಿಕೊಂಡು, ಹಾಗೇ ನಿಂತುಬಿಟ್ಟರು. ಕುಶಕಾಂತನನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಆಡುವುದಿಲ್ಲ ಎನ್ನುತ್ತಾರೋ ಎಂದುಕೊಂಡೆ. ಅವರು ಕೋಲನ್ನು ಜುನುಮಾಳಿಗೆ ಕೊಟ್ಟು ಮುಖವಾಡ ತೊಟ್ಟರು.

ಆ ದಿನ ಅವರು ಕುಣಿದ ಕುಣಿತಕ್ಕೆ ನಾನು ತಾಳ ಬಿಟ್ಟು ನೋಡುವಂತಾಗಿತ್ತು. ಕೊನೆಗೆ ತೂರಾಡಿದರು, ಬಾಗಿದರು. ನಾನು ಬಡಿದೆ. ಧಡ್! ಕೂಸುಗಳು ಅತ್ತವು, ಜನ ಹರಿಬೋಲ್ ಎಂದು ಕೂಗಿದರು. ನೋಡಿದರೆ ಪೂತನಿ ಇನ್ನೂ ಮಂಡಿಯ ಮೇಲಿದ್ದಾಳೆ! ಆ ಗದ್ದಲದಲ್ಲೇ ಮೆಲ್ಲಗೆ ಒರಗಿಕೊಂಡಳು.

ಒಳಗೆ ಬಂದು ಕೆಂಪು ಚಹಾ ಕುಡಿಯುತ್ತ ಕೊಕಾ ನನ್ನನ್ನು ಕರೆದರು.

"ಸಾಯೋಕ್ ಮುಂಚೆನೇ ಬೀಳಿಸಿಬಿಟ್ಯಲ್ಲೋ ಬಾಯನ. ಬರೋ ವರ್ಷ ನನ್ನ ಮಂಡಿ ನೋಡ್ಕೊಂಡು ಬಡಿ."

ಕೋಲು ಕೊಡಲು ಬಂದಿದ್ದ ಜುನುಮಾ ಬರೋ ವರ್ಷ ಎಂಬ ಮಾತು ಕೇಳಿ, ಕೋಲನ್ನು ಕಂಕುಳಲ್ಲೇ ಇಟ್ಟುಕೊಂಡು, ಮಾವನನ್ನು ಎಬ್ಬಿಸಲು ತನ್ನ ತೋಳು ಚಾಚಿದಳು.