ನರಳುವ ಟೀಸಿ

ಭದ್ರಾವತಿ ಹಳೇನಗರದ ನಮ್ಮ ಬೀದಿಯ ತುದಿಯಲ್ಲಿ ಒಂದು ಟ್ರಾನ್ಸ್‌ಫಾರ್ಮರ್ ಇದೆ. ನಾವೆಲ್ಲ ಅದನ್ನು ಟೀಸಿ ಎನ್ನುತ್ತೇವೆ. ತೊಂಬತ್ತೆಂಟರಲ್ಲಿ, ಯುಗಾದಿ ಕಳೆದು ಗಾಳಿ ಎದ್ದ ಮೇಲೆ, ಅದು ನರಳತೊಡಗಿತು.

ಮೊದಲು ಬೀದಿಯ ದೀಪಗಳೆಲ್ಲ ಒಮ್ಮೆಲೇ ಮಂಕಾಗುತ್ತಿದ್ದವು. ಆಮೇಲೆ ಟೀಸಿಯೊಳಗೆ ಯಾರೋ ಮಗ್ಗುಲು ಬದಲಿಸಿದಂತೆ ಧಡ್ ಎಂಬ ಸದ್ದು. ಅದರ ಹಿಂದೆಯೇ, ಎದೆ ಕಟ್ಟಿದವರ ನರಳಿಕೆ. ನಾಯಿಗಳು ಆ ಕಡೆ ಹೋಗುವುದನ್ನೇ ಬಿಟ್ಟವು.

ವಿಶಾಲಮ್ಮ ಮಾತ್ರ ಹೋಗುತ್ತಿದ್ದರು. ಅವರ ಗಂಡ ಹೊನ್ನಯ್ಯ ಕಾರ್ಖಾನೆಯಲ್ಲಿ ದುಡಿದವರು. ಉಬ್ಬಸದಿಂದ ನರಳಿ ಹಿಂದಿನ ವರ್ಷ ತೀರಿಕೊಂಡಿದ್ದರು. ದೀಪ ಹಚ್ಚುವ ಹೊತ್ತಿಗೆ ಆಕೆ ಕಾಫಿ ಲೋಟ ಹಿಡಿದು ಟೀಸಿಯ ಬೇಲಿಯ ಪಕ್ಕ ಕೂರುತ್ತಿದ್ದರು.

“ದೊಡ್ಡಮ್ಮ, ಎದ್ದು ಬನ್ನಿ. ಸದ್ದು ಸರಿಯಿಲ್ಲ,” ಎಂದು ಒಂದು ದಿನ ಕರೆದೆ.

“ನಿಂಗೇನು ಗೊತ್ತಾಗುತ್ತೆ ಹೇಮಾ? ಅವರು ಹಿಂಗೇ ನರಳ್ತಿದ್ರು. ಮುಂಚೆ ಗಾಳಿ ಬಂದ್ರೆ ಕರೆಂಟು ಹೋಗ್ತಿತ್ತು. ಅವರು ಬಂದ ಮೇಲೆ ಒಂದ್ಸಲನಾದ್ರೂ ಹೋಗಿದೆಯಾ, ಹೇಳು.”

ನೆನಪು ಮಾಡಿಕೊಂಡು ನೋಡಿದೆ. ನಿಜಕ್ಕೂ ಹೋಗಿರಲಿಲ್ಲ. ಬೀದಿಯವರೂ ಅದನ್ನೇ ನಂಬಿ ಬೇಲಿಗೆ ನಿಂಬೆಹಣ್ಣಿನ ಸರ ಕಟ್ಟಿದ್ದರು. ದೂರು ಕೊಟ್ಟರೆ ಹೊನ್ನಯ್ಯ ಮುನಿದಾರೆಂದು ಯಾರೂ ವಿದ್ಯುತ್ ಕಚೇರಿಯ ಕಡೆ ಸುಳಿಯಲಿಲ್ಲ. ಬೇಲಿಯೊಳಗೆ ಎಣ್ಣೆಯ ಹನಿಗಳು ಕಂಡ ದಿನ ನಾನೇ ಹೋಗಿ ಹೇಳಿಬಂದೆ.

ಮಾರನೆಯ ಸಂಜೆ ಶಿವಮೊಗ್ಗದಿಂದ ಎಂಜಿನಿಯರ್ ಧನಲಕ್ಷ್ಮಿ ಮೇಡಂ ಬಂದರು. ವಿಶಾಲಮ್ಮ ಆಗಲೇ ಲೋಟ ಹಿಡಿದು ಬೇಲಿಯ ಪಕ್ಕ ಕೂತಿದ್ದರು. ಗಾಳಿ ಬೀಸಿತು. ದೀಪ ಮಂಕಾಯಿತು. ಧಡ್. ನರಳಿಕೆ.

ಮೇಡಂ ಟೀಸಿಯನ್ನಲ್ಲ, ಬೀದಿಯ ಮೇಲಿನ ತಂತಿಗಳನ್ನು ನೋಡುತ್ತಿದ್ದರು. ಜೋತುಬಿದ್ದ ಎರಡು ತಂತಿಗಳು ಒಂದಕ್ಕೊಂದು ತಾಕಿ ಕಿಡಿ ಉದುರಿಸಿದವು. ಕೂಡಲೇ ಲೈನ್‌ಮನ್‌ಗೆ ಹೇಳಿ ಕರೆಂಟು ತೆಗೆಸಿ, ಫ್ಯೂಸು ಪೆಟ್ಟಿಗೆ ತೆರೆಸಿದರು.

“ಈ ದಪ್ಪ ತಂತಿ ಸುತ್ತಿದ್ದು ಯಾರು?”

ಹಿಟ್ಟಿನ ಗಿರಣಿಯ ಪ್ರಕಾಶ್ ತಲೆ ಕೆರೆದುಕೊಂಡ. “ನಾನೇ ಮೇಡಂ. ಗಾಳಿ ಬಂದ್ರೆ ಸಾಕು, ಫ್ಯೂಸ್ ಹೋಗ್ತಿತ್ತು. ರಾಗಿ ತಂದೋರೆಲ್ಲ ಬೈತಿದ್ರು.”

“ಹಂಗಾದ್ರೆ ನಿಂಬೆಹಣ್ಣು ನಿನ್ನ ಕೊರಳಿಗೆ ಕಟ್ಟಬೇಕಿತ್ತಲ್ಲೋ ಮಾರಾಯ,” ಎಂದರು ಸೈಕಲ್ ಶಾಪಿನ ಬಾಬು ಸಾಬ್.

“ತಂತಿ ತಾಕಿದಾಗ ಫ್ಯೂಸ್ ಸುಟ್ಟು ಕರೆಂಟ್ ನಿಲ್ಲಿಸ್ಬೇಕು,” ಎಂದರು ಮೇಡಂ. “ಇಲ್ಲಿ ನಿಲ್ತಿರಲಿಲ್ಲ. ಟೀಸಿ ಒಳಗೆ ತಂತಿ ಸುರುಳಿಗಳಿರುತ್ವೆ. ಪ್ರತಿ ಸಲ ಅವಕ್ಕೆ ಒದ್ದಂಗಾಗಿ ಬಿಗಿ ಸಡಿಲ ಆಗಿರಬೇಕು. ಸದ್ದು ಅದರದ್ದೇ. ಒಳಗೆ ಸುಟ್ಟು ಬಿಸಿ ಎಣ್ಣೆ ಸಿಡಿದ್ರೆ, ಈ ಅಮ್ಮ ಕೂರೋ ಜಾಗಕ್ಕೇ ಬೀಳುತ್ತೆ.”

ಬೀದಿ ಕತ್ತಲಾಗಿತ್ತು. ನರಳಿಕೆಯೂ ನಿಂತಿತ್ತು. ವಿಶಾಲಮ್ಮ ಬೇಲಿಗೆ ಅಡ್ಡ ನಿಂತರು. “ಬಿಚ್ಚಬೇಡಿ. ಅವರು ಒಳಗಿದಾರೆ.”

“ಬಿಚ್ಚೋವಾಗ ನೀವೂ ಬನ್ನಿ ಅಮ್ಮ,” ಎಂದರು ಮೇಡಂ. “ಕಣ್ಣಾರೆ ನೋಡಿ.”

ಟೀಸಿಯನ್ನು ಸಾಗಿಸಿದ್ದ ಶಿವಮೊಗ್ಗದ ರಿಪೇರಿ ಶೆಡ್ಡಿಗೆ ನಾನೇ ವಿಶಾಲಮ್ಮನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಮೊದಲು ಮೀಟರು ಹಚ್ಚಿ ಪರೀಕ್ಷಿಸಿದರು. ಟೀಸಿ ಹೊಸದಾಗಿದ್ದಾಗ ಬಂದ ಅಳತೆಗೂ ಈಗಿನದಕ್ಕೂ ತಾಳೆಯಾಗಲಿಲ್ಲ. “ಸುರುಳಿ ಜರುಗಿದೆ,” ಎಂದರು ಮೇಡಂ, ಮುಚ್ಚಳ ತೆಗೆಯುವ ಮುಂಚೆಯೇ. ಸುರುಳಿಗಳನ್ನು ಹೊರಗೆ ಎತ್ತಿ ನೋಡಿದರೆ ಹಾಗೇ ಇತ್ತು. ಒಂದು ಸುರುಳಿ ಪಕ್ಕಕ್ಕೆ ವಾಲಿತ್ತು. ಅದನ್ನು ಒತ್ತಿ ಹಿಡಿಯುವ ತುಂಡು ಕಳಚಿ, ಎಣ್ಣೆ ಬಸಿದ ತೊಟ್ಟಿಯ ತಳದಲ್ಲಿ ಬಿದ್ದಿತ್ತು.

ವಿಶಾಲಮ್ಮ ಖಾಲಿ ತೊಟ್ಟಿಯೊಳಗೆ ಬಹಳ ಹೊತ್ತು ಬಗ್ಗಿ ನೋಡಿದರು.

“ಇಲ್ಲ,” ಎಂದರು. “ಇಲ್ಲಿ ಯಾರೂ ಇಲ್ಲ.”

ಬೀದಿಗೆ ಬೇರೆ ಟೀಸಿ ಬಂತು. ತಂತಿಗಳನ್ನು ಬಿಗಿದರು. ಮರುವರ್ಷ ಗಾಳಿಗೆ ಕೊಂಬೆ ಬಿದ್ದು ಕರೆಂಟು ಹೋಯಿತು. ಕತ್ತಲಲ್ಲಿ ವಿಶಾಲಮ್ಮನ ದನಿ ಅವರ ಮನೆಯ ಮೆಟ್ಟಿಲಿನಿಂದಲೇ ಕೇಳಿಸಿತು: “ಫ್ಯೂಸ್ ಅದರ ಕೆಲಸ ಮಾಡಿದೆ. ಪ್ರಕಾಶಾ, ಕೈ ಹಾಕೀಯ ಮತ್ತೆ. ಲೈನ್‌ಮನ್ ಬರ್ಲಿ.”

ಓದುವವರೇ, ನಿಮ್ಮ ಬೀದಿಯ ಟೀಸಿಯ ಸದ್ದು ನಿಮಗೆ ಗೊತ್ತೇ ಇರುತ್ತದೆ. ಅದು ಬದಲಾದರೆ, ಎಣ್ಣೆ ಸೋರಿದರೆ, ದೂರ ಸರಿಯಿರಿ, ಮಕ್ಕಳನ್ನೂ ಸರಿಸಿ. ಅಂದೇ ವಿದ್ಯುತ್ ಕಚೇರಿಗೆ ತಿಳಿಸಿ. ಫ್ಯೂಸಿಗೆ ನೀವು ಕೈ ಹಾಕಬೇಡಿ. ಇವತ್ತು ದೀಪ ಹಚ್ಚುವ ಹೊತ್ತಿಗೆ, ದೂರದಲ್ಲೇ ನಿಂತು, ಒಮ್ಮೆ ಕಿವಿಗೊಟ್ಟು ಕೇಳಿ.