ಹೆಸರು ಹಿಡಿದು ಕರೆದದ್ದು

"ಲೈಟ್ ಹಚ್ಚಬ್ಯಾಡ್ರಿ! ನಾವು ಹೇಳೂತನಕ ಯಾರೂ ಹಚ್ಚಬ್ಯಾಡ್ರಿ!" ಎಂದು ಓಣಿಯ ಹುಡುಗರು ಕೂಗುತ್ತ ಹೋದರು. ಗಡಿಯಲ್ಲಿ ಯುದ್ಧ ನಡೆದಿರುವಾಗ ಡ್ಯಾಮಿನ ಊರು ಕತ್ತಲಲ್ಲಿರುವುದೇ ಕ್ಷೇಮ ಎಂದು ಓಣಿಯವರು ತಾವೇ ತೀರ್ಮಾನಿಸಿದ್ದರು. ಸರ್ಕಾರವೇನೂ ಹೇಳಿರಲಿಲ್ಲ, ಟೀವಿ ಹೆದರಿಸಿತ್ತು ಅಷ್ಟೆ. ತವರಿನ ಪಡಸಾಲೆಯಲ್ಲಿ ಕೂತಿದ್ದ ತ್ರಿವೇಣಿಯ ಮುಂಗೈಯನ್ನು ತಾಯಿ ನೀಲಗಂಗಮ್ಮ ಗಟ್ಟಿಯಾಗಿ ಹಿಡಿದುಕೊಂಡಳು.

"ನಿಮ್ಮಪ್ಪ ಎಲ್ಲಿ?"

"ಹಿತ್ತಲಕ್ಕ ಹೋಗ್ಯಾನವ್ವ. ಬರ್ತಾನ ತಡಿ."

"ಇಂಥಾ ಕತ್ತಲಾಗ?"

ಈ ಹಿಡಿತ ತ್ರಿವೇಣಿಗೆ ಹೊಸದಲ್ಲ. ಎಪ್ಪತ್ತೊಂದರ ಯುದ್ಧದಲ್ಲಿ, ಅವಳಿಗೆ ಏಳು ವರ್ಷವಿದ್ದಾಗ, ಟಾಕೀಸಿನಿಂದ ಮನೆಯವರೆಗೂ ಅವ್ವ ಹೀಗೇ ಹಿಡಿದುಕೊಂಡು ಬಂದಿದ್ದಳು.

ಯುದ್ಧವೆಂದು ಹೊಸಪೇಟೆಯ ಜನ ಸಿನಿಮಾ ಬಿಟ್ಟವರಲ್ಲ. ಕಿಟಕಿಯ ಗಾಜಿಗೆ ಕರಿ ಕಾಗದ ಅಂಟಿಸಿ, ಬಾಗಿಲಿಗೆ ಬೀಗ ಜಡಿದು, ಫಸ್ಟ್ ಶೋಗೆ ಹೊರಡುತ್ತಿದ್ದರು. ಟಾಕೀಸಿನಲ್ಲಿ ಹೆಂಗಸರ ಕಡೆಗೂ ಗಂಡಸರ ಕಡೆಗೂ ನಡುವೆ ಎದೆಮಟ್ಟದ ಗೋಡೆ. ಮಕ್ಕಳಿಗೆ ಮಾತ್ರ ಅಡ್ಡಿಯಿಲ್ಲ, ಗೋಡೆಯ ಕೊನೆಯ ಸಂದಿಯಲ್ಲಿ ನುಸುಳಿ ಅತ್ತಿತ್ತ ಓಡಾಡಬಹುದು. ಅಪ್ಪ ಮರುಳಸಿದ್ದಪ್ಪನ ಜೇಬಿನಲ್ಲಿ ಹುರಿದ ಶೇಂಗಾ ಇರುತ್ತಿತ್ತು. ಅವತ್ತು ವಾರ್ತಾಚಿತ್ರದಲ್ಲಿ ಟ್ಯಾಂಕುಗಳು ಓಡುತ್ತಿದ್ದಾಗ ತ್ರಿವೇಣಿ ಶೇಂಗಾಕ್ಕೆಂದು ಎದ್ದಳು. ಸಂದಿಯ ಹತ್ತಿರ ಬರುವಷ್ಟರಲ್ಲಿ ಪರದೆ ಕಪ್ಪಾಯಿತು. ಡ್ಯಾಮಿನ ಕಡೆಯಿಂದ ಸೈರನ್ ಕೂಗತೊಡಗಿತು.

"ಡ್ಯಾಮ್ ಒಡದೈತಂತ! ನೀರು ಬರಾಕತ್ತೈತಿ!" ಎಂದು ಯಾವನೋ ಅರಚಿದ.

ಬೆಂಚುಗಳು ಉರುಳಿದವು. ತ್ರಿವೇಣಿ ಒಂದು ಬೆಂಚಿನ ಕೆಳಗೆ ಹೊಕ್ಕು ಮುದುಡಿಕೊಂಡಳು. ಯಾರದೋ ಚಪ್ಪಲಿ ಅವಳ ಬೆರಳು ತುಳಿಯಿತು. "ತ್ರಿವೇಣೀ, ತ್ರಿವೇಣೀ" ಎಂದು ಅವ್ವ ಕರೆಯುವುದು ಕೇಳುತ್ತಿದ್ದರೂ ಬೆರಳನ್ನು ಬಾಯಲ್ಲಿಟ್ಟುಕೊಂಡು ಇನ್ನಷ್ಟು ಒಳಕ್ಕೆ ಸರಿದಳು. ಮಗಳು ಅಪ್ಪನ ಹತ್ತಿರ ಹೋಗಿ ಮುಟ್ಟಿದಳೋ ಇಲ್ಲವೋ ಅವ್ವನಿಗೆ ತಿಳಿಯಬೇಕಿತ್ತು.

"ಏನ್ರೀ! ಇಲ್ಲಿ ಕೇಳ್ರೀ!" ಎಂದು ಕೂಗಿದಳು.

ಟಾಕೀಸಿನ ಹೆಂಗಸರೆಲ್ಲ ಹಾಗೇ ಕೂಗುತ್ತಿದ್ದರು. ಗೋಡೆಯಾಚೆ ಗಂಡಂದಿರೆಲ್ಲ ಒಟ್ಟಿಗೇ "ಓ" ಎಂದರು. ಯಾರ 'ಓ' ಯಾರಿಗೆ? ಇವತ್ತು ನೆನೆದರೆ ತ್ರಿವೇಣಿಗೆ ನಗು ಬರುತ್ತದೆ. ಅವತ್ತು ಯಾರೂ ನಗಲಿಲ್ಲ.

ಆಗ ಅವ್ವ ಎದೆ ಹರಿಯುವಂತೆ ಕೂಗಿದಳು. "ಮರುಳಸಿದ್ದಪ್ಪಾ! ಮಗಳು ನಿನ್ನತ್ರ ಅದಾಳೇನೋ?"

ಹೆಸರು ಹಿಡಿದದ್ದಲ್ಲದೆ ಏಕವಚನ ಬೇರೆ! ಹೆಂಗಸರ ಕಡೆ ಒಂದು ಕ್ಷಣ ಗದ್ದಲವೇ ನಿಂತಿತು. "ಅಯ್ಯ ಶಿವನೇ, ಗಂಡನ ಹೆಸರು ಹಿಡದು ಕರದ್ಲಲ್ಲ! ಅವನ ಆಯುಷ್ಯಕ್ಕ ಕುತ್ತು ತಂದ್ಲು" ಎಂದು ಪಕ್ಕದ ಮನೆಯ ಭರಮಮ್ಮ ಉದ್ಗರಿಸಿದಳು. ಗೋಡೆಯಾಚೆ ಕಡ್ಡಿ ಗೀರಿದ ಸದ್ದಾಯಿತು. "ಕಡ್ಡಿ ಆರಿಸಲೇ, ಇಮಾನದಾಗಿನವ್ರಿಗೆ ಕಾಣತೈತಿ!" ಎಂದು ಜನ ಬೈದರು, ತಲೆಯ ಮೇಲೆ ತಗಡಿನ ಸೂರಿರುವುದನ್ನೂ ಮರೆತು. ಅಪ್ಪ ಕೇಳಲಿಲ್ಲ. ಕಡ್ಡಿಯ ಮೇಲೆ ಕಡ್ಡಿ ಗೀರುತ್ತ, ಗೋಡೆ ಹತ್ತಿ ಇಳಿದು, ಬೆಂಚಿನ ಕೆಳಗಿದ್ದ ಮಗಳನ್ನು ಎಳೆದುಕೊಂಡ.

ಡ್ಯಾಮು ಒಡೆದಿರಲಿಲ್ಲ. ಆದರೆ ಭರಮಮ್ಮನ ಮಾತು ಅವ್ವನೊಳಗೆ ಹೊಕ್ಕು ಕೂತುಬಿಟ್ಟಿತು. ಆಮೇಲೆ ಅವಳು ಟಾಕೀಸಿನ ಮೆಟ್ಟಿಲು ತುಳಿಯಲಿಲ್ಲ. ಗಂಡನಿಗೆ ಜ್ವರ ಬಂದರೆ, ಅವನು ಬರಬೇಕಾದ ಸಂಡೂರಿನ ಬಸ್ಸು ತಡವಾದರೆ, "ನಾನೇ ಕರದೆ, ನಾನೇ ಕಳಕೊಳ್ತೀನಿ" ಎಂದು ದೇವರ ಮುಂದೆ ಅಳುತ್ತಿದ್ದಳು. "ಗುಂಡುಕಲ್ಲಿನಂಗ ಅದೀನಿ, ನನಗೇನಾಗೈತಿ?" ಎಂದು ಅಪ್ಪ ಗದರುತ್ತಿದ್ದ. ಡಾಕ್ಟರು ಹೇಳಿದ ಮೇಲೆ ಅವನು ಬೀಡಿ ಬಿಟ್ಟ. ಜೇಬಿನ ಕಡ್ಡಿಪೆಟ್ಟಿಗೆಯನ್ನು ಮಾತ್ರ ಬಿಡಲಿಲ್ಲ. ಒಗೆಯಲು ಹಾಕಿದ ಅಂಗಿಯ ಜತೆ ಅದೂ ನೆನೆದು ಹಾಳಾದಾಗಲೆಲ್ಲ ತ್ರಿವೇಣಿ, "ಬೀಡಿ ಇಲ್ಲದ್ದಕ್ಕ ಕಡ್ಡಿ ಯಾಕಪ್ಪ ನಿನಗ?" ಎಂದು ರೇಗಿಸುತ್ತಿದ್ದಳು. ಅಪ್ಪ ಸುಮ್ಮನೆ ಇನ್ನೊಂದು ಪೆಟ್ಟಿಗೆ ಕೊಳ್ಳುತ್ತಿದ್ದ.

ಈಗ ಹಿತ್ತಲಲ್ಲಿ ತಂಬಿಗೆ ಉರುಳಿದ ಸದ್ದಾಯಿತು.

"ಏನ್ರೀ!" ಎಂದಳು ನೀಲಗಂಗಮ್ಮ.

ಅಪ್ಪನಿಗೆ ಈಗ ಕಿವಿ ಅಷ್ಟಕ್ಕಷ್ಟೆ. ಮೊಬೈಲು ಒಳಕೋಣೆಯಲ್ಲಿ ಚಾರ್ಜಿಗಿತ್ತು. ತ್ರಿವೇಣಿ ಏಳಲು ಹೋದಳು, ಅವ್ವ ಕೈ ಬಿಡಲಿಲ್ಲ.

"ಬಿದ್ದಾರ. ಬಿದ್ದೇ ಬಿಟ್ಟಾರ ಅವ್ರು. ಏನ್ರೀ! ಇಲ್ಲಿ ಕೇಳ್ರೀ!"

ತಂಬಿಗೆ ಉರುಳುತ್ತ ಹೋಗಿ ಎಲ್ಲೋ ನಿಂತಿತು. ಅವ್ವನ ಉಸಿರು ಜೋರಾಗಿತ್ತು. ಕತ್ತಲಲ್ಲಿ ಅವಳು ತುಟಿ ಕೂಡಿಸಿ "ಮ" ಎಂದು ಶುರುಮಾಡಿದ್ದು, ಅಲ್ಲಿಗೇ ನುಂಗಿಕೊಂಡದ್ದು ತ್ರಿವೇಣಿಗೆ ಕೇಳಿಸಿತು. ಮತ್ತೆ ತುಟಿ ಕೂಡಿತು.

ಹಿತ್ತಲ ಬಾಗಿಲಲ್ಲಿ ಕಡ್ಡಿ ಗೀರಿದ ಸದ್ದು.

ಒದ್ದೆ ಧೋತರದ ಅಂಚು ಹಿಡಿದುಕೊಂಡು ಅಪ್ಪ ನಿಂತಿದ್ದ. ಕಡ್ಡಿಯನ್ನು ತನ್ನ ಮುಖದ ಹತ್ತಿರವೇ ಹಿಡಿದಿದ್ದ.

"ಕರೀಬ್ಯಾಡ. ಇಲ್ಲೇ ಅದೀನಿ" ಎಂದ.

"ಯಾರ್ರೀ ಅದು, ಬೆಂಕಿ ಆರಿಸ್ರಿ!" ಎಂದು ಓಣಿಯಿಂದ ಹುಡುಗರು ಕೂಗಿದರು. ಅವನಿಗೆ ಕೇಳಿಸಿತೋ ಇಲ್ಲವೋ. ಬೆರಳು ಸುಡುವತನಕ ಹಿಡಿದಿದ್ದು, ಇನ್ನೊಂದು ಕಡ್ಡಿ ಗೀರಿದ.